ಗಡಾಯಿಕಲ್ಲಿನ ಕೆರೆಗೆ ಎರಡನೇ ಸಲ ಹೊರಡುವ ಮೊದಲು

ಹಿಮಾಲಯದ ನೀಲಿ ಕೆರೆಗಳ ಚಿತ್ರ ನಿಮ್ಮ ಮೊಬೈಲಿಗೂ ಬಂದಿರಬಹುದು. ಸುತ್ತ ಹಿಮದ ಬೆಟ್ಟ, ನಡುವೆ ಕನ್ನಡಿಯ ಹಾಗೆ ನೀರು. ಅಂಥದ್ದೊಂದು ಚಿತ್ರ ನೋಡುತ್ತಾ ಸುರತ್ಕಲ್ ಸಮುದ್ರದ ದಂಡೆಯಲ್ಲಿ ಕೂತಿದ್ದಾಗ ನಮಗೂ ಆಸೆ ಆಯಿತು. ಅಷ್ಟು ದೂರ ಹೋಗಲು ದುಡ್ಡೂ ಇಲ್ಲ, ರಜೆಯೂ ಇಲ್ಲ. ಬೆಳಿಗ್ಗೆ ಹೋಗಿ ಸಂಜೆಗೆ ಮನೆಗೆ ಬರುವಂಥ, ಬೆಟ್ಟದ ಮೇಲೆ ನೀರಿರುವ ಜಾಗ ನಮ್ಮ ಜಿಲ್ಲೆಯಲ್ಲಿ ಯಾವುದುಂಟು ಎಂದು ಹುಡುಕಿದಾಗ ಸಿಕ್ಕಿದ್ದು ಬೆಳ್ತಂಗಡಿಯ ಗಡಾಯಿಕಲ್ಲು.

ಚಾರ್ಮಾಡಿಗೆ ಹೋಗುವಾಗ ದೂರದಿಂದ ಕಾಣುವ ಆ ಒಂಟಿ ಬಂಡೆ ನಿಮಗೆ ಗೊತ್ತಿರಬಹುದು. ಹಳೆಯ ಹೆಸರು ನರಸಿಂಹಗಡ. 1794ರಲ್ಲಿ ಟಿಪ್ಪು ಸುಲ್ತಾನ್ ಅದರ ಮೇಲೆ ಕೋಟೆ ಕಟ್ಟಿಸಿ, ಜಮಲಾಬಾದ್ ಎಂದು ಕರೆದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೋಟೆ ಬ್ರಿಟಿಷರ ಕೈಗೆ ಹೋಯಿತು. ಸಮುದ್ರಮಟ್ಟದಿಂದ ಸುಮಾರು 1700 ಅಡಿ ಎತ್ತರ. ಮೇಲಕ್ಕೆ ಹೋಗಲು 1876 ಮೆಟ್ಟಿಲು ಎಂದು ಲೆಕ್ಕ ಹೇಳುತ್ತಾರೆ. ತುದಿಯಲ್ಲಿ ಮಳೆನೀರು ನಿಲ್ಲುವ ಒಂದು ಚಿಕ್ಕ ಕೆರೆ. ಹಿಮಾಲಯದ ಕೆರೆಯ ಮುಂದೆ ಅದು ಏನೂ ಅಲ್ಲ. ಆದರೆ ನಮ್ಮದು.

ನಾವು ಐದು ಜನ. ಕಳೆದ ವರ್ಷ ಡಿಸೆಂಬರಿನ ಒಂದು ಭಾನುವಾರ ಹೊರಟೆವು. ತಯಾರಿ ಎಂದರೆ ಹಿಂದಿನ ರಾತ್ರಿ ವಾಟ್ಸಾಪ್‌ನಲ್ಲಿ "ನಾಳೆ ಎಂಟಕ್ಕೆ ಎಲ್ಲರೂ ಸ್ಟ್ಯಾಂಡಿಗೆ ಬನ್ನಿ" ಎಂಬ ಒಂದೇ ಸಾಲು. ಎಂಟು ಎಂಟೂವರೆಯಾಯಿತು. ಮಂಗಳೂರಿಗೆ ಒಂದು ಬಸ್ಸು, ಬೆಳ್ತಂಗಡಿಗೆ ಇನ್ನೊಂದು, ಅಲ್ಲಿಂದ ರಿಕ್ಷಾ. ಬುಡ ತಲುಪಿದಾಗ ಹನ್ನೆರಡು ದಾಟಿತ್ತು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಲೀಟರ್ ನೀರು, ಎರಡು ಪ್ಯಾಕೆಟ್ ಬಿಸ್ಕತ್ತು.

ನಮ್ಮಲ್ಲಿ ಫೋಟೊ ತೆಗೆಯುವವನು ಒಬ್ಬನಿದ್ದಾನೆ. ಅವನ ಬೆನ್ನಿಗೆ ಕ್ಯಾಮೆರಾ ಚೀಲ, ಹೆಗಲಿಗೆ ಟ್ರೈಪಾಡ್. ಹಿಂದಿನ ದಿನ ರಾತ್ರಿ ಪಾಳಿ ಮುಗಿಸಿ, ಮಲಗದೆ ನೇರವಾಗಿ ಬಂದಿದ್ದ. ಅದನ್ನು ಅವನು ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಸುಮಾರು ಅರ್ಧ ಹತ್ತಿರಬಹುದು, ಮೆಟ್ಟಿಲ ಮೇಲೆ ಕೂತುಬಿಟ್ಟ. ಮುಖ ಬಿಳಚಿಕೊಂಡಿತ್ತು.

"ನೀವು ಹೋಗಿ ಮಾರಾಯ್ರೆ, ನಾನು ಇಲ್ಲೇ ಇರ್ತೇನೆ" ಎಂದ.

ನಾವು ಹೋದೆವು. ಅವನ ಪಕ್ಕದಲ್ಲಿ ಅರ್ಧ ಬಾಟಲಿ ನೀರು ಇಟ್ಟು ನಾಲ್ವರೂ ಹೋದೆವು. ಇಷ್ಟು ದೂರ ಬಂದು ಕೆರೆ ನೋಡದೆ ಹೋಗುವುದೆಂತ ಎಂಬ ಹಟ. ಕೆರೆಯ ಹತ್ತಿರ ಇದ್ದದ್ದು ಐದೋ ಆರೋ ನಿಮಿಷ. ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದು ಇಳಿದೆವು. ಬಿಟ್ಟುಹೋದ ಜಾಗದಲ್ಲಿ ಅವನಿರಲಿಲ್ಲ.

ಆಮೇಲಿನ ಅರ್ಧ ಗಂಟೆಯ ಬಗ್ಗೆ ನಾವು ಈಗಲೂ ಒಬ್ಬರಿಗೊಬ್ಬರು ಹೆಚ್ಚು ಮಾತಾಡುವುದಿಲ್ಲ. ಒಂದು ಬದಿ ಬಂಡೆ, ಇನ್ನೊಂದು ಬದಿ ಇಳಿಜಾರು. ಹೆಸರು ಕೂಗುತ್ತಾ ಇಳಿದೆವು. ಕೊನೆಗೆ ಸಿಕ್ಕಿದ್ದು ಬುಡದ ಹತ್ತಿರದ ಒಂದು ಮನೆಯ ಜಗಲಿಯಲ್ಲಿ. ಎರಡು ಸಲ ವಾಂತಿ ಮಾಡಿಕೊಂಡು, ಕೂತು ಎದ್ದು ಹೇಗೋ ಕೆಳಗೆ ಬಂದಿದ್ದ. ಆ ಮನೆಯ ಅಜ್ಜಿ ಗಂಜಿ ತಿಳಿಗೆ ಉಪ್ಪು ಹಾಕಿ ಕುಡಿಸುತ್ತಿದ್ದರು. ನಮ್ಮನ್ನು ನೋಡಿ ತುಳುವಿನಲ್ಲಿ ಕೇಳಿದ್ದು ಇಷ್ಟೇ: "ನಾಲ್ಕು ಜನ ಇದ್ರಲ್ಲ ಮಕ್ಕಳೇ, ಒಬ್ಬರಿಗೂ ಇವನ ಹತ್ತಿರ ಕೂತ್ಕೊಳ್ಳಲಿಕ್ಕೆ ಆಗ್ಲಿಲ್ವಾ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ನಾವು ಕೆರೆಯ ಫೋಟೊ ಸ್ಟೇಟಸ್ಸಿಗೆ ಹಾಕಿದೆವು. ಅವನೂ ಅದಕ್ಕೆ ಹೆಬ್ಬೆರಳು ಒತ್ತಿದ. ಅದು ನಮಗೆ ಬೈಗುಳಕ್ಕಿಂತ ಹೆಚ್ಚು ತಾಗಿತು.

ಈ ಡಿಸೆಂಬರಿನಲ್ಲಿ ಮತ್ತೆ ಹೋಗುತ್ತಿದ್ದೇವೆ, ಐದೂ ಜನ. ಒಂದು ತಿಂಗಳಿನಿಂದ ತಯಾರಿ ನಡೆದಿದೆ. ನೀವೂ ಮಕ್ಕಳನ್ನೋ ಗೆಳೆಯರನ್ನೋ ಕರೆದುಕೊಂಡು ಯಾವುದಾದರೂ ಗುಡ್ಡ ಹತ್ತುವವರಿದ್ದರೆ ಉಪಯೋಗಕ್ಕೆ ಬಂದೀತು ಎಂದು ಇದನ್ನು ಬರೆಯುತ್ತಿದ್ದೇವೆ.

ಮೊದಲನೆಯದು ಹೊತ್ತಿನ ಲೆಕ್ಕ. ಸ್ಕಾಟ್ಲೆಂಡಿನ ನೈಸ್ಮಿತ್ ಎಂಬವರು 1892ರಲ್ಲಿ ಒಂದು ಲೆಕ್ಕ ಕೊಟ್ಟಿದ್ದಾರೆ: ನಡೆಯುವ ಪ್ರತಿ 3 ಮೈಲಿಗೆ ಒಂದು ಗಂಟೆ, ಏರುವ ಪ್ರತಿ 2000 ಅಡಿಗೆ ಇನ್ನೊಂದು ಗಂಟೆ. ಆ ಪ್ರಕಾರ ಗಡಾಯಿಕಲ್ಲಿನ ಮೆಟ್ಟಿಲು ಏರಲು ಒಂದು ಗಂಟೆಯ ಆಸುಪಾಸು ಸಾಕು. ಆದರೆ ಅದು ಗಟ್ಟಿಮುಟ್ಟಾದವರು ನಿಲ್ಲದೆ ನಡೆದರೆ ಹಿಡಿಯುವ ಹೊತ್ತು. ನಮ್ಮ ತಪ್ಪು ಇದ್ದದ್ದೇ ಅಲ್ಲಿ. ನಮ್ಮಲ್ಲಿ ಎಲ್ಲರಿಗಿಂತ ವೇಗದವನ ಕಾಲಿಗೆ ತಕ್ಕ ಹಾಗೆ ಎಲ್ಲರ ದಿನವನ್ನೂ ಲೆಕ್ಕ ಹಾಕಿದ್ದೆವು.

ಈ ಸಲ ಅಳತೆ ಫೋಟೊದವನದು. ಪರಿಚಯದವರ ಐದು ಮಹಡಿಯ ಕಟ್ಟಡದಲ್ಲಿ ಸುಮಾರು ನೂರು ಮೆಟ್ಟಿಲು ಉಂಟು. ಚೀಲ ಹಾಕಿಕೊಂಡು, ಮಾತಾಡುತ್ತಾ, ಉಬ್ಬಸ ಬಾರದ ಹಾಗೆ ಹತ್ತಲು ಅವನಿಗೆ ಐದು ನಿಮಿಷ ಹಿಡಿಯಿತು. ಎರಡು ನಿಮಿಷ ವಿಶ್ರಾಂತಿ ಸೇರಿಸಿದರೆ ನೂರಕ್ಕೆ ಏಳು ನಿಮಿಷ. 1876 ಮೆಟ್ಟಿಲಿಗೆ ಹತ್ತೊಂಬತ್ತು ಸಲ, ಅಂದರೆ ಎರಡು ಗಂಟೆ ಹದಿಮೂರು ನಿಮಿಷ. ಅಲ್ಲಿನ ಮೆಟ್ಟಿಲು ಮನೆಯ ಮೆಟ್ಟಿಲಿನ ಹಾಗೆ ಸಮ ಇಲ್ಲ, ಅದಕ್ಕೆ ಇನ್ನೂ ಅರ್ಧ ಗಂಟೆ. ಏಳೂವರೆಗೆ ಹತ್ತಲು ಶುರು ಮಾಡಿದರೆ ಹತ್ತೂಕಾಲಿಗೆ ಮೇಲೆ.

ಎರಡನೆಯದು, ಹಿಂದಿರುಗುವ ಹೊತ್ತು. ಹತ್ತೂವರೆಗೆ ಯಾವ ಮೆಟ್ಟಿಲ ಮೇಲಿದ್ದರೂ ಅಲ್ಲಿಂದಲೇ ಇಳಿಯುವುದು. ಕೆರೆ ಇನ್ನು ಐವತ್ತೇ ಮೆಟ್ಟಿಲು ಎಂದರೂ ಇಳಿಯುವುದು. ಇದನ್ನು ಮನೆಯಲ್ಲೇ ತೀರ್ಮಾನಿಸಬೇಕು. ಅಲ್ಲಿ ನಿಂತು ತೀರ್ಮಾನಿಸಲು ಹೋದರೆ ಹಟವೇ ಗೆಲ್ಲುತ್ತದೆ, ನಮಗೆ ಗೊತ್ತುಂಟು. ಒಬ್ಬರು ಕೂತರೆ ಇನ್ನೊಬ್ಬರು ಕೂರಬೇಕು. ಒಬ್ಬರು ಇಳಿಯಬೇಕಾಗಿ ಬಂದರೆ ಐದೂ ಜನ ಇಳಿಯುವುದು.

ಮೂರನೆಯದು ನೀರು. ಕೋಟೆ ಕಟ್ಟಿದವರಿಗೂ ಇದೇ ಚಿಂತೆ ಇದ್ದಿರಬೇಕು. ಬಂಡೆಯ ತುದಿಯಲ್ಲಿ ಕಾವಲು ಕೂರುವ ಸೈನಿಕರಿಗೆ ಮಳೆನೀರು ಹಿಡಿದಿಡದೆ ಬೇರೆ ದಾರಿ ಏನಿತ್ತು? ಈಗ ಆ ನೀರು ಕುಡಿಯುವಂಥದ್ದಲ್ಲ. ತಲಾ ಮೂರು ಲೀಟರ್ ಕೆಳಗಿನಿಂದಲೇ ಒಯ್ಯುತ್ತೇವೆ. ಅದರಲ್ಲಿ ಒಂದು ಲೀಟರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಎಂದರೆ ಟೀ ಚಮಚ. ಬಿಸಿಲಿಗೆ ತಲೆ ತಿರುಗಿದರೆ, ವಾಕರಿಕೆ ಬಂದರೆ, ಕಾಲು ಸೆಳೆದರೆ ನೆರಳಿನಲ್ಲಿ ಕೂರಿಸಿ, ಒದ್ದೆ ಬಟ್ಟೆ ಹಾಕಿ, ಇದನ್ನು ಸ್ವಲ್ಪ ಸ್ವಲ್ಪವೇ ಕುಡಿಸಬೇಕು. ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಕುಡಿಸಲು ಹೋಗಬಾರದು. ತಡಮಾಡದೆ 108ಕ್ಕೆ ಫೋನ್ ಮಾಡಬೇಕು.

ಇನ್ನೊಂದು ವಿಷಯ. ಗಡಾಯಿಕಲ್ಲು ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಬರುತ್ತದೆ. ಟಿಕೆಟ್ ತೆಗೆದುಕೊಂಡೇ ಹೋಗಬೇಕು. ಮಳೆಗಾಲದಲ್ಲಿ ಕಲ್ಲು ಜಾರುತ್ತದೆ, ಬೇಸಿಗೆಯಲ್ಲಿ ಕಾಡಿಗೆ ಬೆಂಕಿಯ ಭಯ. ಅಂಥ ಸಮಯದಲ್ಲಿ ಪ್ರವೇಶ ನಿಲ್ಲಿಸುವುದೂ ಉಂಟು. ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ಹಿಂದಿನ ದಿನವೇ ಅರಣ್ಯ ಇಲಾಖೆಯವರಲ್ಲಿ ಕೇಳಿ ಹೊರಡಿ. ಅವರು ಎಂಟು ಗಂಟೆ ಎಂದರೆ ನಮ್ಮ ಲೆಕ್ಕವೂ ಅರ್ಧ ಗಂಟೆ ಮುಂದೆ ಹೋಗುತ್ತದೆ.

ಬಸ್ಸು ನಂಬಿದರೆ ಆಗುವುದಿಲ್ಲ ಎಂದು ಒಂದು ಓಮ್ನಿ ಗೊತ್ತು ಮಾಡಿದ್ದೇವೆ. ನಾಲ್ಕೂವರೆಗೆ ಸುರತ್ಕಲ್ ಬಿಟ್ಟು, ಕಬಕ ರಸ್ತೆಯಲ್ಲಿ ಬಿ.ಸಿ.ರೋಡ್, ಅಲ್ಲಿಂದ ಬೆಳ್ತಂಗಡಿ. ಬುತ್ತಿಗೆ ಪುಂಡಿ, ಚಟ್ನಿ. ಅಜ್ಜಿಯ ಮನೆಗೆ ಒಂದು ಕಿಲೋ ಬೆಲ್ಲ, ಸ್ವಲ್ಪ ಒಣಮೀನು. ಸಮುದ್ರದ ಕಡೆಯವರು ಬೇರೆ ಏನು ಕೊಡುವುದು?

ಪಟ್ಟಿ ಬರೆದು ಮುಗಿದ ಮೇಲೆ ಫೋಟೊದವನಿಗೆ ಓದಿ ಹೇಳಿದೆವು. ಕಳೆದ ವರ್ಷದ್ದಕ್ಕೆ ಬಾಯಿಬಿಟ್ಟು ಕ್ಷಮೆ ಕೇಳಿದ್ದೂ ಆವತ್ತೇ. ಹೇಳಲು ಒಂದು ವರ್ಷ ಹಿಡಿಯಿತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಹಿಂದಿನ ದಿನ ರಾತ್ರಿ ಪಾಳಿ ಇಲ್ಲ, ರಜೆ ಹಾಕಿದ್ದೇನೆ ಎಂದ. ಆಮೇಲೆ ಕೇಳಿದ್ದು ಒಂದೇ:

"ಟ್ರೈಪಾಡ್ ಈ ಸಲ ನೀವು ಹೊರ್ತೀರಾ?"

ಪಟ್ಟಿಯಲ್ಲಿ ಅದನ್ನೂ ಬರೆದುಕೊಂಡೆವು. ನೂರು ನೂರು ಮೆಟ್ಟಿಲಿಗೆ ಒಬ್ಬೊಬ್ಬರು.