ಕುಮಟೆಯ ಪೇಟೆ, ಕುಮಟೆಯ ಹೊಳೆ

ಹತ್ತಿಯ ವ್ಯಾಪಾರದ ಹಳೆಯ ಪುಸ್ತಕಗಳನ್ನು ತಿರುವಿ ನೋಡಿದವರಿಗೆ 'ಕುಮಟಾ ಹತ್ತಿ' ಎಂಬ ಮಾತು ಹೊಸದಲ್ಲ. ಮುಂಬಯಿಯ ಪೇಟೆಯಲ್ಲಿಯೂ ವಿಲಾಯತಿಯ ಗಿರಣಿಗಳಲ್ಲಿಯೂ ಒಂದಾನೊಂದು ಕಾಲದಲ್ಲಿ ಈ ಹೆಸರು ನಡೆದಿತ್ತು. ಆದರೆ ಉತ್ತರ ಕನ್ನಡ ಜಿಲ್ಲೆಯ ಕುಮಟೆಗೆ ಹೋಗಿ, ಈ ಹತ್ತಿಯ ಹೊಲವೆಲ್ಲಿದೆಯೆಂದು ಕೇಳುವವನು ನಗೆಗೆ ಗುರಿಯಾಗುವನು. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆ ನೆಲದಲ್ಲಿ ಹತ್ತಿಯ ಗಿಡವು ಕೊಳೆತು ಹೋಗುವುದೇ ಹೊರತು ಕಾಯಿ ಬಿಡಲಾರದು. ಹತ್ತಿಯು ಬೆಳೆಯುತ್ತಿದ್ದುದು ಘಟ್ಟದ ಮೇಲಿನ ಧಾರವಾಡ ಸೀಮೆಯ ಎರೆಯ ಹೊಲಗಳಲ್ಲಿ. ಹಡಗನ್ನೇರುತ್ತಿದ್ದುದು ಮಾತ್ರ ಕುಮಟೆಯಲ್ಲಿ. ಬೆಳೆದ ಊರಿನ ಹೆಸರನ್ನು ಬಿಟ್ಟು, ಕಳುಹಿಸಿಕೊಟ್ಟ ಊರಿನ ಹೆಸರನ್ನು ಆ ಹತ್ತಿಯು ಹೊತ್ತುಕೊಂಡಿತು. ಮದುವೆಯಾದ ಹೆಣ್ಣುಮಗಳು ತವರಿನ ಹೆಸರನ್ನು ಬಿಡುವಂತೆ ಎಂದು ನಮ್ಮ ಮನೆಯವರು ಇದಕ್ಕೊಂದು ವ್ಯಾಖ್ಯಾನವನ್ನು ಮಾಡಿದರು.

ನಾವು ಕಳೆದ ಚೈತ್ರಮಾಸದಲ್ಲಿ ಶಿರಸಿಯ ಕಡೆಯಿಂದ ಘಟ್ಟವಿಳಿದು ಕುಮಟೆಗೆ ಹೋಗಿದ್ದೆವು. ಅಲ್ಲಿ ನಮ್ಮ ಷಡ್ಡಕರ ಮನೆ. ಶಿರಸಿಯಿಂದ ಕುಮಟೆಗೆ ಸುಮಾರು 60 ಕಿಲೋಮೀಟರು ದಾರಿ. ನಡುವೆ ದೇವಿಮನೆ ಘಟ್ಟ. ಹಿಂದೆ ಹೇರೆತ್ತುಗಳೂ ಆಮೇಲೆ ಗಾಡಿಗಳೂ ಹತ್ತಿಯ ಹೇರನ್ನು ಇಳಿಸುತ್ತಿದ್ದುದು ಈ ದಿಕ್ಕಿನಿಂದಲೇ. ಈಗ ಇದು ಹಾವೇರಿಯಿಂದ ಕುಮಟೆಗೆ ಬರುವ ರಾಷ್ಟ್ರೀಯ ಹೆದ್ದಾರಿಯ ಭಾಗವಾಗಿದ್ದು, ಅಗಲ ಮಾಡುವ ಕೆಲಸವು ನಡೆದು ಎಷ್ಟೋ ಕಡೆಗಳಲ್ಲಿ ಗುಡ್ಡದ ಮೈ ಕೆಂಪಗೆ ತೆರೆದುಕೊಂಡಿತ್ತು. 2024ರ ಜುಲೈ 16ರಂದು ನೆರೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಕುಸಿದು ಜನರನ್ನೂ ವಾಹನಗಳನ್ನೂ ಗಂಗಾವಳಿ ಹೊಳೆಗೆ ನೂಕಿದ ಮೇಲೆ, ಈ ಸೀಮೆಯ ಜನರು ಕಡಿದ ಗುಡ್ಡವನ್ನು ಕಂಡರೆ ಮಾತನ್ನು ನಿಲ್ಲಿಸಿ ಒಮ್ಮೆ ಮೇಲಕ್ಕೆ ನೋಡುವರು. ನಮ್ಮ ಬಸ್ಸಿನಲ್ಲಿಯೂ ಹಾಗೆಯೇ ಆಯಿತು.

ಕುಮಟೆಯು ದೊಡ್ಡ ಪಟ್ಟಣವೇನೂ ಅಲ್ಲ. 2011ರ ಖಾನೇಸುಮಾರಿಯ ವೇಳೆಗೆ ಪಟ್ಟಣದ ಜನಸಂಖ್ಯೆಯು ಸುಮಾರು 30000. ಪಶ್ಚಿಮಕ್ಕೆ ಸಮುದ್ರ; ಪೂರ್ವಕ್ಕೆ ಘಟ್ಟ; ಉತ್ತರಕ್ಕೆ ಕೆಲವು ಮೈಲು ಹೋದರೆ ಅಘನಾಶಿನಿ ಹೊಳೆ. ಗೋಕರ್ಣವೆಂಬ ಮಹಾಕ್ಷೇತ್ರವು ಇದೇ ತಾಲ್ಲೂಕಿನಲ್ಲಿದೆ. ದಕ್ಷಿಣಕ್ಕೆ ಧಾರೇಶ್ವರವಿದೆ. ಯಾತ್ರಿಕರು ಈ ಎರಡರ ನಡುವೆ ಕುಮಟೆಯನ್ನು ಚಹಾ ಕುಡಿಯುವ ನಿಲ್ದಾಣವೆಂದು ಮಾತ್ರ ಬಲ್ಲರು. ಇದು ಊರಿಗೆ ಆದ ಅನ್ಯಾಯವೆಂದು ನಮ್ಮ ಷಡ್ಡಕರ ಅಭಿಪ್ರಾಯ. ಅವರು ನಿವೃತ್ತ ಉಪಾಧ್ಯಾಯರು. ಊರಿನ ವಿಷಯದಲ್ಲಿ ಅವರೊಡನೆ ವಾದಿಸಿ ಗೆದ್ದವರಿಲ್ಲ.

ಮೊದಲನೆಯ ದಿನ ಸಂಜೆ ಅವರು ನಮ್ಮನ್ನು ಹೆಡ್ ಬಂದರಕ್ಕೆ ಕರೆದೊಯ್ದರು. ಕರಿಯ ಬಂಡೆಗಳು, ಅಲೆಗಳು, ಸೂರ್ಯಾಸ್ತವನ್ನು ನೋಡಲು ಬಂದ ನಾಲ್ಕೆಂಟು ಕುಟುಂಬಗಳು. ಬಂದರವೆಂದ ಮಾತ್ರಕ್ಕೆ ಹಡಗುಗಳನ್ನು ಹುಡುಕಬಾರದು. ಕುಮಟೆಯು ಎಂದೂ ಒಳ್ಳೆಯ ರೇವಾಗಿರಲಿಲ್ಲ. ಇಲ್ಲಿ ಅಲೆಯನ್ನು ತಡೆಯುವ ಮರೆಯಿಲ್ಲ. ಹಡಗುಗಳು ದಡದಿಂದ ದೂರ ಲಂಗರು ಹಾಕಿ ನಿಲ್ಲುತ್ತಿದ್ದವು. ಹತ್ತಿಯ ಅಂಡಿಗೆಗಳನ್ನು ಸಣ್ಣ ದೋಣಿಗಳಲ್ಲಿ ಹೇರಿ ಅಲ್ಲಿಗೆ ಸಾಗಿಸಬೇಕಾಗಿತ್ತು. ಅರ್ಧ ಹತ್ತಿ ಉಪ್ಪುನೀರಿನಲ್ಲಿ ತೊಯ್ಯುವುದು, ಉಳಿದರ್ಧ ಮರಳಿನಲ್ಲಿ ಹೊರಳುವುದು ಎಂದು ಷಡ್ಡಕರು ಸ್ವಲ್ಪ ಉತ್ಪ್ರೇಕ್ಷೆಯಿಂದಲೇ ವರ್ಣಿಸಿದರು. ಮಳೆಗಾಲ ಹಿಡಿದರೆ ನಾಲ್ಕು ತಿಂಗಳು ವ್ಯಾಪಾರವೆಲ್ಲ ಬಂದು.

ಹೀಗಿದ್ದರೂ 1861ರಿಂದ 1865ರವರೆಗೆ ಅಮೇರಿಕದಲ್ಲಿ ಅಂತರ್ಯುದ್ಧವು ನಡೆದು ಅಲ್ಲಿನ ಹತ್ತಿಯು ಇಂಗ್ಲೆಂಡಿಗೆ ಬರುವುದು ನಿಂತಾಗ ಕುಮಟೆಯ ಭಾಗ್ಯವು ತೆರೆಯಿತು. ಎಲ್ಲಿಯ ಅಮೇರಿಕ, ಎಲ್ಲಿಯ ದೇವಿಮನೆ ಘಟ್ಟ! ಆದರೂ ಅಲ್ಲಿ ತೋಪು ಹಾರಿದರೆ ಇಲ್ಲಿ ಗಾಡಿಯ ಬಾಡಿಗೆ ಏರುತ್ತಿತ್ತು. ಮ್ಯಾಂಚೆಸ್ಟರಿನ ವರ್ತಕರ ಕಣ್ಣು ಈ ಕರಾವಳಿಯ ಮೇಲೆ ಬಿದ್ದಿತು. ಕುಮಟೆಯ ರೇವು ಸಾಲದು, ಕಾರವಾರದಂತಹ ಮರೆಯುಳ್ಳ ಬಂದರವು ಬೇಕು, ಅಲ್ಲಿಗೆ ಘಟ್ಟದಿಂದ ರಸ್ತೆಯಾಗಬೇಕು ಎಂದು ಅವರು ಸರಕಾರವನ್ನು ಒತ್ತಾಯಪಡಿಸಿದರು. ಅಲ್ಲಿಯವರೆಗೆ ಮದ್ರಾಸಿಗೆ ಸೇರಿದ್ದ ಉತ್ತರ ಕನ್ನಡವು 1862ರಲ್ಲಿ ಮುಂಬಯಿ ಇಲಾಖೆಗೆ ಸೇರಿದುದಕ್ಕೆ ಈ ಹತ್ತಿಯ ಒತ್ತಾಯವೇ ಮುಖ್ಯ ಕಾರಣ. ದಕ್ಷಿಣ ಕನ್ನಡವು ಮದ್ರಾಸಿನಲ್ಲಿಯೇ ಉಳಿಯಿತು. ಒಂದೇ ಕರಾವಳಿಯ ಅಣ್ಣತಮ್ಮಂದಿರು ಹೀಗೆ ಎರಡು ಮನೆಗಳಾಗಿ, 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೂ ಬೇರೆ ಬೇರೆಯಾಗಿಯೇ ಇದ್ದರು. ಕುಮಟೆಯ ಮಕ್ಕಳು ಓದಿಗೂ ನೌಕರಿಗೂ ಮುಂಬಯಿಯ ಕಡೆಗೆ ಮುಖ ಮಾಡಿದುದು ಆಗಿನಿಂದಲೇ.

ಯುದ್ಧವು ಮುಗಿಯಿತು, ಅಮೇರಿಕದ ಹತ್ತಿಯು ಮತ್ತೆ ಹರಿಯಿತು. 1880ರ ದಶಕದ ಕೊನೆಯಲ್ಲಿ ಧಾರವಾಡ ಸೀಮೆಯಿಂದ ಗೋವೆಯ ಮುರಗಾಂವ ಬಂದರದವರೆಗೆ ರೈಲು ಓಡಿದ ಮೇಲೆ ಹತ್ತಿಯ ಗಾಡಿಗಳು ಘಟ್ಟವಿಳಿಯಲು ಕಾರಣವೇ ಉಳಿಯಲಿಲ್ಲ. ಆ ಬಳಿಕ ರೈಲಿನ ಸೀಟಿಯನ್ನು ಕೇಳಲು ಕುಮಟೆಯು ನೂರು ವರ್ಷಗಳಿಗೂ ಮೇಲ್ಪಟ್ಟು ಕಾಯಬೇಕಾಯಿತು. ಕೊಂಕಣ ರೈಲು ದಾರಿಯು ಪೂರ್ಣವಾಗಿ ತೆರೆದುದು 1998ರಲ್ಲಿ. ಆಗ ಅದರಲ್ಲಿ ಹೋದುದು ಹತ್ತಿಯಲ್ಲ, ಊರಿನ ಹುಡುಗರು.

ಹುಡುಗರ ಮಾತು ಬಂದುದರಿಂದ ಇಲ್ಲಿಯ ಗಿಬ್ ಹೈಸ್ಕೂಲನ್ನು ಹೇಳದೆ ಮುಂದೆ ಹೋಗಲಾಗದು. ಸುತ್ತಲಿನ ಹಳ್ಳಿಗಳಿಂದ ಕಡವನ್ನು ದಾಟಿ, ಪರರ ಮನೆಯಲ್ಲಿ ಉಂಡು ಇಲ್ಲಿ ಕಲಿತವರು ಎಷ್ಟೋ ಜನ. 1928ರಲ್ಲಿ ಈ ತಾಲ್ಲೂಕಿನ ಹನೇಹಳ್ಳಿಯಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಈ ಶಾಲೆಯಲ್ಲಿ ಓದಿದವರೇ. ಆಮೇಲೆ ಅವರು ಮುಂಬಯಿಯಲ್ಲಿ ರಾಸಾಯನಿಕ ಉದ್ಯಮದಲ್ಲಿ ಕೆಲಸ ಮಾಡುತ್ತ, ಹನೇಹಳ್ಳಿಯನ್ನೇ ಮತ್ತೆ ಮತ್ತೆ ಕಥೆಗಳಲ್ಲಿ ಬರೆದರು. ಅವರ ಅಣ್ಣ ಗಂಗಾಧರ ಚಿತ್ತಾಲರು ಕವಿಗಳಾಗಿ ಹೆಸರಾದರು. ಡಾಕ್ಟರ್ ಎ. ವಿ. ಬಾಳಿಗಾ ಎಂಬ ಮುಂಬಯಿಯ ಪ್ರಸಿದ್ಧ ಶಸ್ತ್ರವೈದ್ಯರ ಹೆಸರಿನ ಕಾಲೇಜೂ ಇಲ್ಲಿದೆ. ವಿದ್ಯೆಗೆ ಕೊರತೆಯಿಲ್ಲ, ವಿದ್ಯೆ ಕಲಿತವರು ಊರಲ್ಲಿ ನಿಲ್ಲುವುದಕ್ಕೆ ಕೊರತೆ. ಷಡ್ಡಕರ ಬೀದಿಯಲ್ಲಿ ನಾವು ಎಣಿಸಿದ ಹನ್ನೊಂದು ಮನೆಗಳಲ್ಲಿ ನಾಲ್ಕಕ್ಕೆ ಬೀಗ, ಮೂರರಲ್ಲಿ ಮುದುಕ ಮುದುಕಿ ಇಬ್ಬರೇ. ಅವರಲ್ಲಿ ಒಬ್ಬ ಅಜ್ಜಿಯು ನಮ್ಮ ಮನೆಯವರೊಡನೆ, "ಮಗ ಒಳ್ಳೆಯವನೇ ತಂಗಿ, ದಿನಾ ಫೋನು ಮಾಡ್ತಾನೆ. ಆದರೆ ರಾತ್ರಿ ಎದೆ ನೋವು ಬಂದರೆ ಫೋನು ಬಂದು ಎತ್ತಿ ಕೂರಿಸೂದಿಲ್ಲವಲ್ಲ" ಎಂದರಂತೆ. ಕಠಿಣವಾದ ಕಾಯಿಲೆಯಾದರೆ ಈ ಜಿಲ್ಲೆಯ ಕರಾವಳಿಯವರು ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಗೋವೆಗೋ ಓಡಬೇಕು. ಜಿಲ್ಲೆಯಲ್ಲಿಯೇ ಒಂದು ದೊಡ್ಡ ಆಸ್ಪತ್ರೆಯಾಗಬೇಕೆಂದು 2022ರಲ್ಲಿ ಜನರು ಪಕ್ಷಭೇದವಿಲ್ಲದೆ ಕೂಗೆಬ್ಬಿಸಿದುದು ಇಂತಹ ಅಜ್ಜಿಯಂದಿರ ಭಯದಿಂದಲೇ.

ಪೇಟೆಯಲ್ಲಿ ನಡೆದರೆ ಕಿವಿಗೆ ಒಂದು ಹಬ್ಬ. ಅಂಗಡಿಕಾರರು ತಮ್ಮೊಳಗೆ ಕೊಂಕಣಿಯನ್ನಾಡುವರು. ಗಿರಾಕಿಯ ಮುಖವನ್ನು ನೋಡಿ ಕನ್ನಡಕ್ಕೆ ತಿರುಗುವರು. ಅಡಿಕೆಯ ಕಡೆಯ ಹವ್ಯಕರು ತಮ್ಮ ಹವಿಗನ್ನಡದಲ್ಲಿ ಚೌಕಾಶಿ ಮಾಡುವರು. ಹಾಲಕ್ಕಿ ಒಕ್ಕಲಿಗರ ಹಳೆಯ ಹೆಂಗಸರು ಕೊರಳ ತುಂಬ ಮಣಿಸರಗಳನ್ನು ಧರಿಸಿ, ಸೊಪ್ಪುತರಕಾರಿಗಳ ಮುಂದೆ ಕುಳಿತು ತಮ್ಮದೇ ರಾಗದಲ್ಲಿ ಉತ್ತರ ಹೇಳುವರು. ಗುಡಿಗಾರರ ಶ್ರೀಗಂಧದ ಕೆತ್ತನೆಗೆ ಈ ಊರು ಹಿಂದೆ ಹೆಸರಾಗಿತ್ತು. ದಂತದ ಕೆಲಸವು ಕಾನೂನಿನಿಂದ ನಿಂತಿತು. ಗಂಧದ ಮರವು ಸಿಕ್ಕುವುದು ಅಪರೂಪವಾಯಿತು. ಕೈಬೆರಳಿನಷ್ಟು ಗಣಪತಿಯನ್ನು ಕೊಳ್ಳಬೇಕೆಂದು ಹೋದ ನಾವು ಬೆಲೆಯನ್ನು ಕೇಳಿ ನಮಸ್ಕರಿಸಿ ಹಿಂದಿರುಗಿದೆವು.

ಊರು ಇಷ್ಟೇ ಆಗಿದ್ದರೆ ಬರೆಯುವ ಉತ್ಸಾಹವು ನಮಗೆ ಬರುತ್ತಿರಲಿಲ್ಲ. ಮರುದಿನ ಷಡ್ಡಕರು ನಮ್ಮನ್ನು ಹೊಳೆಯ ಕಡೆಗೆ ಕರೆದುಕೊಂಡು ಹೋದರು. ದಾರಿಯಲ್ಲಿ ಮಿರ್ಜಾನಿನ ಕೋಟೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಇದಕ್ಕೆ ಹೊಂದಿಕೊಂಡಿದೆ; ಪೋರ್ತುಗೀಜರು ಅವಳನ್ನು ಮೆಣಸಿನ ರಾಣಿಯೆಂದು ಕರೆದರು. ಕೋಟೆಯು ಹಸಿರು ಹಾಸಿನಲ್ಲಿ ಮಲಗಿದಂತಿದೆ. ಅದನ್ನು ಬೇಗನೆ ನೋಡಿ ಮುಗಿಸಿದೆವು. ಇಳಿತದ ವೇಳೆಗೆ ಹೊಳೆಯ ದಡದಲ್ಲಿರಬೇಕಾಗಿತ್ತು.

ಅಘನಾಶಿನಿಯು ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಸುಮಾರು 120 ಕಿಲೋಮೀಟರು ಹರಿದು ತದಡಿಯ ಬಳಿ ಕಡಲನ್ನು ಸೇರುವುದು. ಈ ಉದ್ದಕ್ಕೂ ಅದಕ್ಕೆ ಅಣೆಕಟ್ಟಿಲ್ಲ. ಕಾಳಿಗೆ ಕಟ್ಟಿದರು, ಶರಾವತಿಗೆ ಕಟ್ಟಿದರು, ಈಕೆಯೊಬ್ಬಳು ಉಳಿದುಕೊಂಡಳು. ಆದುದರಿಂದ ಸಿಹಿನೀರೂ ಉಪ್ಪುನೀರೂ ಇಲ್ಲಿ ಋತುವಿಗೆ ತಕ್ಕಂತೆ ಬೆರೆಯುವುವು. ಇಳಿತದಲ್ಲಿ ನೀರು ಸರಿದಾಗ ಮೊಳಕಾಲುದ್ದದ ಕೆಸರು ಮೇಲೆದ್ದಿತು. ಎಲ್ಲಿದ್ದರೋ ಏನೋ, ನೋಡುತ್ತಿದ್ದಂತೆಯೇ ನೂರಾರು ಜನರು, ಅದರಲ್ಲಿಯೂ ಹೆಚ್ಚಾಗಿ ಹೆಂಗಸರು, ಬುಟ್ಟಿಗಳನ್ನು ಹಿಡಿದು ಇಳಿದರು. ಕಾಲಿನಿಂದ ಕೆಸರನ್ನು ತಡವಿ, ಬಗ್ಗಿ, ಬಳಚನ್ನು ಆಯುವರು. ಇದು ಚಿಪ್ಪಿನೊಳಗಿನ ಜೀವ. ಕರಾವಳಿಯ ಮೀನು ತಿನ್ನುವ ಮನೆಗಳಲ್ಲಿ ಇದರ ಪಲ್ಯಕ್ಕೂ ಸಾರಿಗೂ ಬಹಳ ಮರ್ಯಾದೆ. ಈ ಹೊಳೆಯ ಬಾಯಿಯಲ್ಲಿ ಸಾವಿರಾರು ಜನರ ಜೀವನವು ಇದರಿಂದ ಸಾಗುತ್ತದೆ. ಬಂಡವಾಳವೆಂದರೆ ಒಂದು ಬುಟ್ಟಿ ಮತ್ತು ಸೊಂಟದ ಶಕ್ತಿ. ನಮಗೆ ಕಂಡ ಒಬ್ಬಾಕೆಯು ಇದರಿಂದಲೇ ಮಗಳನ್ನು ನರ್ಸಿನ ಓದಿಗೆ ಕಳುಹಿಸಿದ್ದಳು. "ಗಂಡ ದುಡಿದು ತಂದರೆ ತಂದ, ಇಲ್ಲದಿದ್ದರೆ ಇಲ್ಲ. ಹೊಳೆ ಮಾತ್ರ ಎರಡು ಹೊತ್ತು ಬಾಗಿಲು ತೆಗೀತದೆ ಒಡೆಯಾ" ಎಂದಳು. ದಿನಕ್ಕೆ ಎರಡು ಸಲದ ಇಳಿತವನ್ನು ಇದಕ್ಕಿಂತ ಚೆನ್ನಾಗಿ ಯಾವ ಪಂಚಾಂಗವೂ ಹೇಳದು.

ದಡದ ಗಜನಿ ಭೂಮಿಗಳಲ್ಲಿ ಕಗ್ಗವೆಂಬ ಭತ್ತವನ್ನು ಬೆಳೆಯುವರು. ಉಪ್ಪುನೀರನ್ನು ಸಹಿಸುವ ಭತ್ತವಿದು. ಮೊದಲ ಮಳೆಯು ನೆಲದ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬಂದ ಬೀಜವನ್ನು ಎರಚಿದರಾಯಿತು, ಗೊಬ್ಬರವಿಲ್ಲ, ಔಷಧವಿಲ್ಲ. ಪೈರು ಆಳೆತ್ತರಕ್ಕೆ ಬೆಳೆದು ನೆರೆಯಲ್ಲಿಯೂ ತಲೆಯನ್ನು ಮೇಲೆತ್ತಿ ನಿಲ್ಲುವುದು. ಕೊಯ್ಯುವಾಗ ತೆನೆಯನ್ನು ಮಾತ್ರ ಕೊಯ್ದು ಹುಲ್ಲನ್ನು ನೀರಿನಲ್ಲಿ ಬಿಡುವರು. ಅದು ಕೊಳೆತು ಸಿಗಡಿಗೂ ಮೀನಿಗೂ ಆಹಾರವಾಗುವುದು. ಅಕ್ಕಿಯು ಕೆಂಪಗಿದ್ದು ಗಂಜಿಗೆ ಬಹಳ ರುಚಿ. ಆದರೆ ಗಜನಿಯ ಕಟ್ಟೆಯು ಒಬ್ಬನ ಕಟ್ಟೆಯಲ್ಲ. ಕೇರಿಯ ಎಲ್ಲರೂ ಕೂಡಿ ಮಣ್ಣು ಹಾಕಿದರೆ ಉಳಿಯುವುದು. ಒಬ್ಬನು ಸಿಗಡಿಯ ಕೆರೆಯನ್ನು ಮಾಡಿ, ಇನ್ನೊಬ್ಬನು ಬೆಂಗಳೂರಿಗೆ ಹೋಗಿ, ಮೂರನೆಯವನಿಗೆ ವಯಸ್ಸಾದರೆ ಕಟ್ಟೆಯು ಒಡೆಯುವುದು. ಒಡೆದ ಗಜನಿಯನ್ನು ಹೊಳೆಯು ನುಂಗುವುದು. ಅಂತಹ ಗಜನಿಗಳನ್ನು ನಾವು ಕಂಡೆವು. ಬದುವಿನ ಸಾಲು ನೀರಿನಲ್ಲಿ ಅಲ್ಲಲ್ಲಿ ತಲೆಯೆತ್ತಿತ್ತು.

ತದಡಿಯಲ್ಲಿ 4000 ಮೆಗಾವ್ಯಾಟಿನ ಕಲ್ಲಿದ್ದಲಿನ ವಿದ್ಯುತ್ ಸ್ಥಾವರವನ್ನು ಸ್ಥಾಪಿಸಬೇಕೆಂಬ ಯೋಜನೆಯು ಹಿಂದೆ ಬಂದಿತ್ತು. ಜನರು ವಿರೋಧಿಸಿದರು, ಅದು ಆಗಲಿಲ್ಲ. ದೊಡ್ಡ ಬಂದರದ ಮಾತೂ ಬಂದಿತು. 2024ರ ಜನವರಿಯಲ್ಲಿ ಅಘನಾಶಿನಿಯ ಅಳಿವೆಯ ಸುಮಾರು 4800 ಹೆಕ್ಟೇರು ಪ್ರದೇಶವು ರಾಮ್ಸಾರ್ ಒಪ್ಪಂದದಂತೆ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿಯನ್ನು ಸೇರಿತು. ಷಡ್ಡಕರಿಗೆ ಇದರಲ್ಲಿ ಪೂರ್ಣ ಸಂತೋಷವಿಲ್ಲ. ಉದ್ಯೋಗವಿಲ್ಲದೆ ಬೀದಿಯು ಖಾಲಿಯಾಗುತ್ತಿರುವಾಗ ಬಂದರವೂ ಬೇಡ, ಕಾರಖಾನೆಯೂ ಬೇಡವೆಂದರೆ ಹುಡುಗರು ಏನು ತಿನ್ನಬೇಕೆಂದು ಅವರು ಕೇಳಿದರು. ಪ್ರಶ್ನೆಯು ನ್ಯಾಯವಾದುದೇ. ಆದರೆ ಹತ್ತಿಯ ಕಾಲದಲ್ಲಿ ಹಣವು ಬಂದ ದಾರಿಯಲ್ಲಿಯೇ ಹೋಯಿತು. ಹೊಳೆಯ ಬಳಚು ಮಾತ್ರ ಆ ಮುಂಚೆಯೂ ಇತ್ತು, ಈಗಲೂ ಇದೆ. ಕೆಸರನ್ನು ಒಮ್ಮೆ ಹೂಳೆತ್ತಿ ಹಡಗಿಗೆ ದಾರಿ ಮಾಡಿದರೆ ಬುಟ್ಟಿ ಹಿಡಿದು ನಿಂತ ಆ ನೂರಾರು ಹೆಂಗಸರಿಗೆ ಯಾವ ಕಾರಖಾನೆಯು ಕೆಲಸ ಕೊಡುವುದೆಂದು ನಾವು ಮರಳಿ ಕೇಳಿದೆವು. ಅವರು ಎಲೆಯಡಿಕೆಯ ತಟ್ಟೆಯನ್ನು ಎಳೆದುಕೊಂಡರು. ವಾದವು ಅಲ್ಲಿಗೆ ನಿಂತಿತು. ಅಳಿವೆಯ ಇನ್ನೊಂದು ಮಗ್ಗುಲಿನ ಸಾಣಿಕಟ್ಟೆಯಲ್ಲಿ ಉಪ್ಪನ್ನು ಬೆಳೆಯುವವರೂ ಇದೇ ನೀರನ್ನು ನಂಬಿದವರು. ಬಿಳಿಯ ರಾಶಿಗಳು ದೂರದಿಂದ ಹೊಳೆಯುತ್ತಿದ್ದವು. ಬಿಸಿಲು ಏರಿದ್ದುದರಿಂದ ನಾವು ಅಲ್ಲಿಗೆ ಹೋಗಲಿಲ್ಲ.

ಹಿಂದಿರುಗುವ ದಿನ ಅಳ್ವೆಕೋಡಿಯ ಬಳಿ ಹೆದ್ದಾರಿಯ ಮಗ್ಗುಲಲ್ಲಿ ಈರುಳ್ಳಿಯನ್ನು ಕೊಂಡೆವು. ಕುಮಟೆಯ ಸಿಹಿ ಈರುಳ್ಳಿಯನ್ನು ಬಲ್ಲವರೇ ಬಲ್ಲರು. ಭತ್ತದ ಕೊಯಿಲಾದ ಮೇಲೆ ಕಡಲ ಬದಿಯ ಮರಳು ನೆಲದಲ್ಲಿ ನಟ್ಟು, ಬೇಸಗೆಯಲ್ಲಿ ಕಿತ್ತು, ಎಲೆಗಳನ್ನು ಹೆಣೆದು ಜಡೆ ಮಾಡಿ, ಬಿದಿರಿನ ಗಳುವಿಗೆ ತೂಗುಹಾಕಿ ಮಾರುವರು. ಹೆದ್ದಾರಿಯು ಅಗಲವಾದ ಮೇಲೆ ವಾಹನಗಳು ನಿಲ್ಲದೆ ಓಡುವುವೆಂದು ಮಾರುವಾಕೆಯು ಮುಖವನ್ನು ಸಣ್ಣದು ಮಾಡಿದಳು. ನಮ್ಮ ಮನೆಯವರು ಬೆಲೆಯನ್ನು ಜಗ್ಗಿದರು. "ಹಸಿಯೇ ತಿಂದು ನೋಡಿ ಅಮ್ಮ, ಕಣ್ಣೀರು ಬಂದರೆ ದುಡ್ಡು ಕೊಡಬೇಡಿ" ಎಂದು ಆಕೆ ಒಂದನ್ನು ಒಡೆದು ಕೈಗಿತ್ತಳು. ಕಣ್ಣೀರು ಬರಲಿಲ್ಲ, ಕೇಳಿದಷ್ಟು ಕೊಟ್ಟೆವು. ಎರಡು ಜಡೆಗಳನ್ನು ತಂದು ಅಡಿಗೆಮನೆಯ ಜಂತಿಗೆ ತೂಗುಹಾಕಿದ್ದೇವೆ. ಗೌರಿಹಬ್ಬದವರೆಗೆ ಬರಬೇಕೆಂದು ಮನೆಯವರ ಲೆಕ್ಕ. ಈಗಾಗಲೇ ಒಂದು ಜಡೆಯು ಮುಗಿದಿದೆ.