ಅಪ್ಪನ ಕರೆಂಟು, ನನ್ನ ಕರೆಂಟು

ಕಳೆದ ದೀಪಾವಳಿಗೆ ಊರಿಗೆ ಹೋಗುವಾಗ ಲ್ಯಾಬಿನಲ್ಲಿ ಉಳಿದಿದ್ದ ಒಂದು ಮಾರುದ್ದದ ಆಪ್ಟಿಕಲ್ ಫೈಬರ್ ತುಂಡನ್ನು ಸುರುಳಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡಿದ್ದೆ. ಮಗಳು ನಾಲ್ಕು ವರ್ಷದಿಂದ ಏನು ಓದುತ್ತಿದ್ದಾಳೆ ಎಂದು ಅಪ್ಪನಿಗೆ ತೋರಿಸಬೇಕಿತ್ತು. ಅಪ್ಪ ಲೈನ್‌ಮನ್ ಆಗಿದ್ದು ನಿವೃತ್ತನಾದವನು. ಬಲಗೈಯಲ್ಲಿ ಮೂರೇ ಬೆರಳು. ಆ ಮೂರರಲ್ಲೇ ಎಳೆಯನ್ನು ಹಿಡಿದು ಬೆಳಕಿಗೆ ಒಡ್ಡಿ, “ಗಾಳದ ದಾರದ ಹಾಗಿದೆಯಲ್ಲಮ್ಮಾ. ಇದ್ರಲ್ಲಿ ಕರೆಂಟ್ ಅಳೀತೀಯಾ?” ಎಂದ.

ಹೌದು, ಅಳೆಯುತ್ತೇನೆ. 1845ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ, ತಾನೇ ಹಿಂದೊಮ್ಮೆ ತಯಾರಿಸಿದ್ದ ಸೀಸಭರಿತ ಗಾಜಿನ ತುಂಡನ್ನು ವಿದ್ಯುತ್ಕಾಂತದ ಬಳಿ ಇಟ್ಟು, ಅದರೊಳಗೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಹಾಯಿಸಿದ. ಕಾಂತ ಜಾಗೃತವಾದಾಗ ಆ ಕಂಪನದ ದಿಕ್ಕು ತುಸು ತಿರುಗಿತು. ನನ್ನ ಪ್ರಯೋಗದ ತಿರುಳೂ ಅದೇ. ಗಾಜಿನ ತುಂಡಿನ ಬದಲು ಗಾಜಿನ ಎಳೆ, ಅಷ್ಟೇ. ಎಳೆಯನ್ನು ವಿದ್ಯುತ್ ತಂತಿಯ ಸುತ್ತ ಸುತ್ತುತ್ತೇವೆ. ತಂತಿಯಲ್ಲಿ ಹರಿಯುವ ಕರೆಂಟು ತನ್ನ ಸುತ್ತ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ, ಅದು ಬೆಳಕನ್ನು ತಿರುಗಿಸುತ್ತದೆ. ತಿರುಗಿದ ಕೋನ ಅಳೆದರೆ ಕರೆಂಟು ಎಷ್ಟೆಂದು ಗೊತ್ತಾಗುತ್ತದೆ. ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ, ತಂತಿ ಎಷ್ಟೇ ವೋಲ್ಟಿನದ್ದಾದರೂ ಓದುವವನು ದೂರದಲ್ಲಿ ನಿಶ್ಚಿಂತೆಯಿಂದ ಕೂರಬಹುದು.

ಒಡಿಶಾದ ತಾಲ್ಚೇರಿನಿಂದ ನಮ್ಮ ಕೋಲಾರಕ್ಕೆ 500 ಕಿಲೋವೋಲ್ಟಿನ ಡಿಸಿ ಲೈನೊಂದು ಬರುತ್ತದೆ. ಡಿಸಿ ಕರೆಂಟನ್ನು ಮಾಮೂಲಿ ಟ್ರಾನ್ಸ್‌ಫಾರ್ಮರಿನಿಂದ ಅಳೆಯಲಾಗದು. ಅದು ಏರಿಳಿಯುವ ಕರೆಂಟನ್ನು ಮಾತ್ರ ಬಲ್ಲದು. ಬೆಳಕಿಗೆ ಆ ಭೇದವಿಲ್ಲ.

ಹೇಳುವಷ್ಟು ಸುಲಭವಲ್ಲ. ಕೆಂಪು ಬೆಳಕು ಬಳಸಿ ಒಂದು ಸುತ್ತು ಸುತ್ತಿದರೆ, ಒಂದು ಆಂಪಿಯರಿಗೆ ಅದು ತಿರುಗುವುದು ಒಂದು ಡಿಗ್ರಿಯ ಹತ್ತು ಸಾವಿರ ಪಾಲಿನಲ್ಲಿ ಮೂರು ಪಾಲಿಗಿಂತ ಕಡಿಮೆ. ನೂರು ಸುತ್ತು ಸುತ್ತಿದರೆ ನೂರು ಪಟ್ಟಾಗುತ್ತದೆ ನಿಜ, ಆದರೆ ಪ್ರತಿ ಬಾಗುವಿಕೆಯೂ ಬೆಳಕನ್ನು ಕೆಡಿಸುತ್ತದೆ. ಫ್ಯಾನಿನ ಗಾಳಿ, ಬಾಗಿಲಿನ ಸದ್ದು, ಮಧ್ಯಾಹ್ನದ ಸೆಕೆ ಎಲ್ಲವೂ ನನ್ನ ಗ್ರಾಫಿನಲ್ಲಿ ಕಾಣುತ್ತವೆ. ಮೊದಲ ಎರಡು ವರ್ಷ ನಾನು ಅಳೆದದ್ದು ಕರೆಂಟನ್ನಲ್ಲ, ಲ್ಯಾಬಿನ ದಿನಚರಿಯನ್ನು.

ಇದನ್ನೆಲ್ಲ ಅಪ್ಪ ತಾಳ್ಮೆಯಿಂದ ಕೇಳಿದ. ಆಮೇಲೆ, “ಅವತ್ತು ಇದು ನನ್ನ ಹತ್ರ ಇದ್ದಿದ್ರೆ ಲೈನಲ್ಲಿ ಕರೆಂಟ್ ಇದೆ ಅಂತ ಹೇಳ್ತಿತ್ತಾ?” ಎಂದ.

‘ಅವತ್ತು’ ಎಂದರೆ ಯಾವತ್ತು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ. ನಾನಾಗ ಆರನೇ ಕ್ಲಾಸು. ಗಾಳಿಮಳೆಗೆ ತಂತಿ ತುಂಡಾಗಿತ್ತು. ಅಪ್ಪ ಫ್ಯೂಸ್ ತೆಗೆದಿಟ್ಟು ಕಂಬ ಹತ್ತಿದ್ದ. ಕೆಲಸ ಮುಗಿಯಿತೆಂದುಕೊಂಡು ಟಿ.ಸಿ. ಹತ್ತಿರ ಯಾರೋ ಫ್ಯೂಸ್ ಹಾಕಿಬಿಟ್ಟರು.

ಹೂಂ ಎಂದುಬಿಡಬಹುದಿತ್ತು. ಆದರೆ ಹೂಂ ಅನ್ನಲು ನಾಲಗೆ ಹೊರಳಲಿಲ್ಲ. ನಾವು ಮನೆಯಲ್ಲಿ ಎಲ್ಲಕ್ಕೂ ಕರೆಂಟು ಎನ್ನುತ್ತೇವೆ. ಕರೆಂಟು ಹೋಯಿತು, ಕರೆಂಟು ಬಂತು, ಕರೆಂಟು ಹೊಡೆಯಿತು. ನನ್ನ ಎಳೆಗೆ ತಿಳಿಯುವ ಕರೆಂಟು ಒಂದೇ: ಹರಿಯುತ್ತಿರುವುದು. ತುಂಡಾದ ಆ ತಂತಿಯ ತುದಿಯಲ್ಲಿ ಮನೆಯಿಲ್ಲ, ಬಲ್ಬಿಲ್ಲ, ಮೋಟರಿಲ್ಲ. ಅದರಲ್ಲಿ ವೋಲ್ಟೇಜು ಕಾದು ಕುಳಿತಿತ್ತು; ಏನೂ ಹರಿಯುತ್ತಿರಲಿಲ್ಲ. ಹರಿಯಲು ದಾರಿಯಾದದ್ದು ಅಪ್ಪನ ಕೈ.

“ಇಲ್ಲಪ್ಪಾ. ನೀನು ಮುಟ್ಟೋವರೆಗೂ ಸೊನ್ನೆ ಅಂತಲೇ ತೋರಿಸ್ತಿತ್ತು. ವೋಲ್ಟೇಜ್ ನೋಡೋಕೆ ಬೇರೆ ಥರದ ಸೆನ್ಸರ್ ಬೇಕು” ಎಂದೆ.

ಅಪ್ಪ ಫೈಬರನ್ನು ಜೋಪಾನವಾಗಿ ಸುತ್ತಿ ನನ್ನ ಕೈಗೆ ಕೊಟ್ಟ. “ಹಂಗಾದ್ರೆ ಅದನ್ನೂ ನಿನ್ನ ಪುಸ್ತಕದಲ್ಲಿ ಬರಿಯಮ್ಮಾ. ಸೊನ್ನೆ ನೋಡಿ ಯಾರಾದ್ರೂ ಕಂಬ ಹತ್ತಿಬಿಟ್ಟಾರು.”

ಪ್ರಬಂಧದ ಕೊನೆಯ ಅಧ್ಯಾಯದಲ್ಲಿ, ಮಿತಿಗಳು ಎಂಬಲ್ಲಿ ಬರೆದೆ: ಈ ಸಂವೇದಕ ಸೊನ್ನೆ ತೋರಿಸಿದರೆ ತಂತಿ ಸುರಕ್ಷಿತವೆಂದು ಅರ್ಥವಲ್ಲ. ಕರಡು ಓದಿದ ಗೈಡ್ ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ, ‘ಇದು ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ?’ ಎಂದು ಬರೆದಿದ್ದರು.

ಉಳಿದ ತಿದ್ದುಪಡಿಗಳನ್ನೆಲ್ಲ ಮಾಡಿದೆ. ಆ ಸಾಲನ್ನು ಹಾಗೇ ಬಿಟ್ಟಿದ್ದೇನೆ.