ಇದು ಯಾವುದರ ಕರೆ?

ಹೋದ ಯುಗಾದಿಯ ಮರುದಿನ ತಂಗಿಯ ಮಗಳು ಬೆಂಗಳೂರಿನಿಂದ ಫೋನು ಮಾಡಿದ್ದಳು. ಬಿಳಿ ಕುರ್ತಾದ ಮೇಲೆ ಬಿದ್ದ ಸಾರಿನ ಕರೆಗೆ ಸೋಪು ತಿಕ್ಕಿದರೆ ಹಳದಿ ಇದ್ದದ್ದು ಕೆಂಪಗಾಯಿತಂತೆ. "ದೊಡ್ಡಮ್ಮಾ, ಬಟ್ಟೆ ಹಾಳಾಗೋಯ್ತಾ?" ಎಂದು ಗಾಬರಿ. ಅರಿಶಿನಕ್ಕೆ ಸೋಪಿನ ಕ್ಷಾರ ತಗುಲಿದರೆ ಕೆಂಪಾಗುತ್ತದೆ, ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹರವು, ಬಣ್ಣ ತಾನೇ ಇಳಿಯುತ್ತದೆ ಎಂದೆ. ಇದೆಲ್ಲ ಯಾರು ಹೇಳಿಕೊಟ್ಟರು ಎಂದು ಕೇಳಿದಳು. ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ ಅದು.

ನಾವು ಬಂಗಾರಪೇಟೆಯವರು. ಹಿರಿಯರ ಬಾಯಲ್ಲಿ ಊರು ಆಗಲೂ ಬೌರಿಂಗ್‌ಪೇಟೆಯೇ. ಅಪ್ಪ ಮಾರಿಕುಪ್ಪಂ ರೈಲು ಹತ್ತಿ ಊರಿಗಾಂಗೆ ಹೋಗಿ, ಕೋಲಾರ ಚಿನ್ನದ ಗಣಿಯ, ಅಂದರೆ ಕೆಜಿಎಫ್‌ನ, ವರ್ಕ್‌ಶಾಪಿನಲ್ಲಿ ದುಡಿದು ಬರುತ್ತಿದ್ದರು. ಅವರ ಖಾಕಿ ಅಂಗಿಯಲ್ಲಿ ಗ್ರೀಸು, ತುಕ್ಕು, ಬೆವರಿನ ಉಪ್ಪುಗೆರೆ ಮೂರೂ ಇರುತ್ತಿದ್ದವು. ಆ ಅಂಗಿಗಳು ಹೋಗುತ್ತಿದ್ದದ್ದು ದೋಬಿ ತಾತನ ಮೂಟೆಗೆ. ತಾತನ ಹೆಸರು ಹಿಡಿದು ಕರೆದವರನ್ನು ನಾನು ಕಾಣೆ.

ತಾತ ಬಟ್ಟೆಯನ್ನು ಎಣಿಸುವ ಮೊದಲು ಬೆಳಕಿಗೆ ಹಿಡಿಯುತ್ತಿದ್ದ. ಕರೆ ಕಂಡರೆ ಮೂಗಿನ ಹತ್ತಿರ ತಂದು, ಉಗುರಿನಿಂದ ಕೆರೆದು, "ಇದು ಯಾವುದರ ಕರೆಯಮ್ಮಾ? ಗೊತ್ತಿಲ್ದೆ ನೀರಿಗೆ ಹಾಕ್ಬಾರದು" ಎನ್ನುತ್ತಿದ್ದ. ಗ್ರೀಸಾದರೆ ನೀರು ಸೋಕಿಸುತ್ತಿರಲಿಲ್ಲ. ಕರೆಯ ಕೆಳಗೆ ಹಳೇ ಚಿಂದಿ ಇಟ್ಟು, ಅಂಗಿಯನ್ನು ಒಳಮೈಗೆ ತಿರುವಿ, ಸೀಮೆಎಣ್ಣೆ ತೋಯಿಸಿದ ಬಟ್ಟೆಯಿಂದ ಅಂಚಿನಿಂದ ನಡುವಿಗೆ ಒತ್ತುತ್ತ ಬರುತ್ತಿದ್ದ. ನಡುವಿನಿಂದ ಹೊರಕ್ಕೆ ಉಜ್ಜಿದರೆ ಕರೆ ಹರಡುತ್ತದೆ. ಚಿಂದಿ ಕಪ್ಪಾದಂತೆ ಅಂಗಿ ತಿಳಿಯಾಗುತ್ತಿತ್ತು. ಆಮೇಲೆ ಸೋಪು, ಕೊನೆಗೆ ಉಬ್ಬೆ.

ಉಬ್ಬೆಯ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ. ಚೌಳುಮಣ್ಣಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹಂಡೆಯ ಬಾಯಿಯ ಸುತ್ತ ಒಂದರ ಮೇಲೊಂದು ಏರಿಸಿ ಕೆಳಗೆ ಉರಿ ಹಾಕಿದರೆ ಕಡುಬು ಬೇಯುವಂತೆ ರಾತ್ರಿಯಿಡೀ ಬೇಯುತ್ತಿತ್ತು. ಬೆಳಗ್ಗೆ ಆ ಕಡೆ ಹೋದರೆ ಹಸಿ ಸೌದೆಯ ಹೊಗೆ, ಬೆಂದ ಹತ್ತಿ, ಕ್ಷಾರ ಎಲ್ಲ ಕೂಡಿದ ಬೆಚ್ಚನೆಯ ಗಾಳಿ ಎದುರಾಗುತ್ತಿತ್ತು. ಪುಡಿಸೋಪಿನ ಪೊಟ್ಟಣಕ್ಕೆ ಎಷ್ಟು ಹೂವಿನ ಪರಿಮಳ ಬೆರೆಸಿದರೂ ಶುಭ್ರ ಬಟ್ಟೆ ಎಂದರೆ ನನಗೆ ಆ ವಾಸನೆಯೇ.

ಅಪ್ಪನ ಮದುವೆಯ ಪಂಚೆಗೆ ಒಮ್ಮೆ ಕಬ್ಬಿಣದ ಟ್ರಂಕಿನ ತುಕ್ಕು ಹಿಡಿಯಿತು. ಅಮ್ಮ ಒಂದು ರೂಪಾಯಿ ಕೊಡುತ್ತೇನೆ ಎಂದಳು. ತಾತ ಎರಡು ಕೇಳಿದ. ಅಮ್ಮ ಜಗ್ಗಲಿಲ್ಲ. ಕೊನೆಗೆ ತಾತನೇ, "ರೂಪಾಯಿಯೇ ಇರಲಿ, ನಿಂಬೆಹಣ್ಣು ನಿಮ್ಮ ಗಿಡದ್ದು" ಎಂದ. ನಿಂಬೆರಸ, ಕಲ್ಲುಪ್ಪು ಹಚ್ಚಿ ಬಿಸಿಲಿಗಿಟ್ಟು, ಒಣಗಿದಾಗಲೆಲ್ಲ ಮತ್ತೆ ರಸ ಹಿಂಡಿ, ವಾರದ ಹೊತ್ತಿಗೆ ಪಂಚೆ ತಂದ. ಎಲ್ಲಿ ತುಕ್ಕಿತ್ತೆಂದು ಅಮ್ಮನಿಗೂ ಗುರುತು ಸಿಗಲಿಲ್ಲ.

ಗಣಿಯಲ್ಲಿ ಬಂಡೆ ಸಿಡಿಯುವುದು ಹೊಸದಾಗಿರಲಿಲ್ಲ. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಇಳಿದಿತ್ತು. ಅಂಥದ್ದೊಂದು ಸಿಡಿತದಲ್ಲಿ ನಮ್ಮ ಬೀದಿಯ ಹುಡುಗನೊಬ್ಬ ಹೋದ. ಆಸ್ಪತ್ರೆಯಿಂದ ಬಂದ ಬಟ್ಟೆಯ ಗಂಟನ್ನು ಮನೆಯವರು ಮುಟ್ಟಲಾರದೆ ಹೋದರು. ಒಯ್ದವನು ತಾತ. "ರಕ್ತಕ್ಕೆ ಬಿಸಿನೀರು ತೋರಿಸ್ಬಾರದು, ಕಚ್ಕೊಂಬಿಡ್ತದೆ" ಎಂದು ತಣ್ಣೀರಿಗೆ ಉಪ್ಪು ಹಾಕಿ ಮತ್ತೆ ಮತ್ತೆ ನೆನೆಸಿ, ಅಂಗಿಯನ್ನು ಮಡಿಸಿ ತಂದು ತಾಯಿಗೆ ಕೊಟ್ಟ. ಕೂಲಿ ಮುಟ್ಟಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಸುಳ್ಳಾಗುತ್ತದೆ. ಆ ತಾತನಿಗೆ ನಮ್ಮ ಮನೆಯಲ್ಲಿ ಕಾಫಿ ಕೊಡುತ್ತಿದ್ದ ಲೋಟ ಕಾಂಪೌಂಡ್ ಗೋಡೆಯ ಮೇಲೆ ಬೋರಲು ಬಿದ್ದಿರುತ್ತಿತ್ತು. ಅವನೇ ತೊಳೆದು ಅವನೇ ಇಡಬೇಕು. ಸೂತಕದ್ದು, ಬಾಣಂತಿಯದ್ದು, ಮೈಲಿಗೆಯೆಂದು ನಾವು ದೂರ ತಳ್ಳಿದ ಬಟ್ಟೆಯೆಲ್ಲ ಅವನ ಪಾಲಿಗೆ. ನಮ್ಮ ಕೊಳೆ ತೆಗೆದವನನ್ನೇ ಕೊಳೆಯೆಂದು ಕಂಡೆವು. ಚೌಳಿನಲ್ಲಿ ಬಿರಿದ ಅವನ ಬೆರಳ ಸಂದುಗಳು ನನಗೆ ಈಗಲೂ ಕಾಣುತ್ತವೆ. ಅವನ ಮಕ್ಕಳು ಒಗೆಯುವ ಕಲ್ಲನ್ನು ಬಿಟ್ಟು ಹೋದದ್ದು ಸರಿಯೇ ಆಯಿತು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಈಗ ಕೆಜಿಎಫ್‌ನವರು ಕತ್ತಲಿರುವಾಗಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ತಾತನ ಮೊಮ್ಮಗನೂ ಅವರಲ್ಲೊಬ್ಬ. ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬಗಳು ಮಾತ್ರ ಅಲ್ಲೇ ಇವೆ. ಗಾಳಿ ಎದ್ದರೆ ಅವುಗಳ ಧೂಳು ಗಣಿ ಕಾರ್ಮಿಕರ ಲೈನ್ ಮನೆಗಳ ಹಗ್ಗದ ಮೇಲಿನ ಬಟ್ಟೆಗೂ ಬೀಳುತ್ತದೆ, ಎದೆಯೊಳಕ್ಕೂ ಇಳಿಯುತ್ತದೆ. ಕೋಲಾರ ಜಿಲ್ಲೆಯ ಕೆರೆಗಳಿಗೆ 2018ರಿಂದ ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ಹರಿಸುತ್ತಿದ್ದಾರೆ. ಅಂಥ ನೀರಿನಲ್ಲಿ ತಾತ ಪಂಚೆ ಅದ್ದುತ್ತಿದ್ದನೆಂದು ನಾನು ನಂಬಲಾರೆ.

ಈಗ ಮನೆಯೊಳಗೂ ಎಲ್ಲ ಕರೆಗೂ ಒಂದೇ ಬಾಟಲಿ. ತುಕ್ಕಿಗೆ ಬ್ಲೀಚ್ ಸುರಿಯುತ್ತಾರೆ, ತುಕ್ಕು ಇನ್ನಷ್ಟು ಗಟ್ಟಿಯಾಗುತ್ತದೆ. ರೇಷ್ಮೆಗೆ ಅದನ್ನೇ ಸುರಿಯುತ್ತಾರೆ, ಎಳೆಯೇ ಸಾಯುತ್ತದೆ. ಆಮೇಲೆ ಸೀರೆ ಬಿಸಾಡಿ ಹೊಸದು ತರುತ್ತಾರೆ. ಯಾವುದರ ಕರೆ ಎಂದು ಕೇಳುವ ವ್ಯವಧಾನವಿಲ್ಲದ್ದನ್ನೇ ಅನುಕೂಲ ಎಂದುಕೊಂಡಿದ್ದೇವೆ.

ಬಂಗಾರಪೇಟೆಯಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದ ಹಿರಿಯರು ಇನ್ನೂ ಒಬ್ಬಿಬ್ಬರಿದ್ದಾರೆ. ಕರೆಯಾದ ಬಟ್ಟೆಯನ್ನು ಮೆಷಿನ್ನಿಗೆ ಹಾಕುವ ಮುಂಚೆ ಅವರ ಹತ್ತಿರ ಒಯ್ದು ಕೇಳಿ. ಕೂರಿಸಿ, ಮನೆಯವರು ಕುಡಿಯುವ ಲೋಟದಲ್ಲೇ ಕಾಫಿ ಕೊಡಿ. ಇಸ್ತ್ರಿಯ ಕೂಲಿಯ ಮೇಲೆ, ಹೇಳಿಕೊಟ್ಟದ್ದಕ್ಕೂ ದುಡ್ಡು ಕೊಡಿ.